ಆಕಾಶದ ದಫ್ತರದಲ್ಲಿ ನಮ್ಮ ಕೆರೆಗಳು

ಕಳೆದ ಬೇಸಗೆಯಲ್ಲಿ ನಮ್ಮ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಎರಡು ಚಿತ್ರಗಳನ್ನೂ ಒಂದು ಅರ್ಜಿಯನ್ನೂ ಹಿಡಿದುಕೊಂಡು ನಮ್ಮ ಪ್ರಯೋಗಶಾಲೆಗೆ ಬಂದರು. ಚಿತ್ರಗಳೆರಡೂ ಹಾನಗಲ್ಲು ತಾಲ್ಲೂಕಿನ ಒಂದೇ ಕೆರೆಯವು. ಎರಡೂ ನೂರಾರು ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ತೆಗೆದವು. ಮೊದಲನೆಯದು 1990ರ ದಶಕದ ಆದಿಭಾಗದ್ದು. ಅದರಲ್ಲಿ ಕೆರೆಯು ಕಾಡಿಗೆಯ ಬೊಟ್ಟಿನಂತೆ ಕಪ್ಪಾಗಿ, ತುಂಬಿಕೊಂಡು ತೋರುತ್ತಿದ್ದಿತು. ಎರಡನೆಯದು ಇತ್ತೀಚಿನದು. ಅದರಲ್ಲಿ ಆ ಬೊಟ್ಟು ಕುಗ್ಗಿ ಒಂದು ಚುಕ್ಕೆಯಾಗಿತ್ತು. "ಸರ್, ನಮ್ಮೂರ ಕೆರೆ ಸತ್ತುಹೋಯಿತು" ಎಂದು ಅವರಲ್ಲೊಬ್ಬನು ಖೇದದಿಂದ ನುಡಿದನು. ಕೆರೆಯನ್ನು ಒತ್ತುವರಿ ಮಾಡಲಾಗಿದೆಯೆಂದು ಅರ್ಜಿಯಲ್ಲಿ ಬರೆದಿತ್ತು. ಕೆರೆಯ ಹಿಂಬದಿಯ ನಾಲ್ವರು ರೈತರ ಹೆಸರುಗಳನ್ನೂ ಕಾಣಿಸಿತ್ತು.

ನಾವು ಚಿತ್ರಗಳ ಅಂಚಿನಲ್ಲಿದ್ದ ತಾರೀಖುಗಳನ್ನು ನೋಡಿದೆವು. ಮೊದಲನೆಯದು ನವೆಂಬರ್ ತಿಂಗಳಿನದು, ಎರಡನೆಯದು ಮೇ ತಿಂಗಳಿನದು. ಅರ್ಜಿಯನ್ನು ಸದ್ಯಕ್ಕೆ ಕಳುಹಿಸಬೇಡಿರೆಂದು ಹೇಳಿದೆವು. ಏಕೆ ಹಾಗೆ ಹೇಳಿದೆವು, ಮುಂದೆ ಏನನ್ನು ಕಂಡೆವು ಎಂಬುದೇ ಈ ಲೇಖನದ ವಿಷಯ.

ಊರಿನ ಹಳೆಯ ಸಂಗತಿಗಳನ್ನು ತಿಳಿಯಬೇಕಾದರೆ ನಮ್ಮ ಹಿರಿಯರು ಕುಲಕರ್ಣಿಯ ದಫ್ತರವನ್ನು ಬಿಚ್ಚಿಸುತ್ತಿದ್ದರು. ಯಾವ ಹೊಲ ಎಷ್ಟು ಎಕರೆ, ಎಷ್ಟು ಗುಂಟೆ, ಅದರಲ್ಲಿ ಯಾವ ಪೀಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಇಂದು ಆಕಾಶದಲ್ಲಿಯೂ ಅಂತಹ ಒಂದು ದಫ್ತರವು ಸಿದ್ಧವಾಗಿದೆ. ಅದು 1972ನೆಯ ಇಸವಿಯ ಜುಲೈ 23ರಂದು ಆರಂಭವಾಯಿತು. ಅಂದು ಅಮೆರಿಕ ದೇಶವು ನೆಲದ ಸಂಪತ್ತನ್ನು ಪರಿಶೀಲಿಸುವುದಕ್ಕಾಗಿಯೇ ಒಂದು ಉಪಗ್ರಹವನ್ನು ಹಾರಿಸಿತು. ಮುಂದೆ ಅದಕ್ಕೆ ಲ್ಯಾಂಡ್‌ಸ್ಯಾಟ್-1 ಎಂದು ಹೆಸರಾಯಿತು. 1984ರಲ್ಲಿ ಏರಿದ ಲ್ಯಾಂಡ್‌ಸ್ಯಾಟ್-5 ಮೂರು ವರ್ಷ ಬಾಳಿದರೆ ಸಾಕೆಂದು ಎಣಿಸಿದ್ದರೂ 2013ರವರೆಗೆ ನೆಲವನ್ನು ನೋಡುತ್ತಲೇ ಇದ್ದಿತು. ನಮ್ಮ ದೇಶವು 1979ರ ಜೂನ್ 7ರಂದು ಭಾಸ್ಕರವೆಂಬ ಪ್ರಾಯೋಗಿಕ ಉಪಗ್ರಹವನ್ನೂ, 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಎಂಬ ದೂರಸಂವೇದಿ ಉಪಗ್ರಹವನ್ನೂ ಕಕ್ಷೆಗೆ ಸೇರಿಸಿತು. 2015ರಿಂದ ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳೂ ಈ ಕಾರ್ಯದಲ್ಲಿ ಕೂಡಿಕೊಂಡಿವೆ. ಒಂದು ಕಾಲದಲ್ಲಿ ಇಂತಹ ಒಂದೊಂದು ಚಿತ್ರಕ್ಕೂ ನೂರಾರು ಡಾಲರು ತೆರಬೇಕಾಗಿದ್ದಿತು. 2008ರಲ್ಲಿ ಲ್ಯಾಂಡ್‌ಸ್ಯಾಟ್ ಭಂಡಾರದ ಬಾಗಿಲನ್ನು ಎಲ್ಲರಿಗೂ ಉಚಿತವಾಗಿ ತೆರೆದರು. ನಮ್ಮ ವಿದ್ಯಾರ್ಥಿಗಳು ಚಿತ್ರಗಳನ್ನು ಪಡೆದದ್ದು ಅಲ್ಲಿಂದಲೇ.

ಈ ಉಪಗ್ರಹಗಳ ಸಂಚಾರಕ್ರಮವು ಸ್ವಾರಸ್ಯವಾದದ್ದು. ಲ್ಯಾಂಡ್‌ಸ್ಯಾಟ್-5 ನೆಲದಿಂದ 705 ಕಿಲೋಮೀಟರು ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ, 99 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತಿದ್ದಿತು. ಅದು ಒಂದು ಸಲಕ್ಕೆ ನೋಡುತ್ತಿದ್ದ ಪಟ್ಟೆಯ ಅಗಲ 185 ಕಿಲೋಮೀಟರು. ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಊರುಗಳು ಉತ್ತರ ಅಕ್ಷಾಂಶ 14ರಿಂದ 15 ಡಿಗ್ರಿ, ಪೂರ್ವ ರೇಖಾಂಶ 75ರಿಂದ 76 ಡಿಗ್ರಿಗಳ ನಡುವಣ ಒಂದೇ ಚೌಕದೊಳಗೆ ಬರುತ್ತವೆ. ಶಿಗ್ಗಾಂವಿಯಿಂದ ಹಿರೇಕೆರೂರಿಗೆ ನೇರವಾಗಿ ಅಳೆದರೆ ಸುಮಾರು 60 ಕಿಲೋಮೀಟರು ಆಗುವುದು. ಈ ದೂರವನ್ನು ದಾಟಲು ಉಪಗ್ರಹಕ್ಕೆ ಒಂಬತ್ತು ಸೆಕೆಂಡುಗಳು ಸಾಕು. ಹದಿನಾರು ದಿನಗಳಿಗೊಮ್ಮೆ, ಬೆಳಗಿನ ಹತ್ತು ಗಂಟೆಯ ಆಸುಪಾಸಿನಲ್ಲಿ, ಅದು ಅದೇ ದಾರಿಯಿಂದ ಹಾಯುತ್ತಿದ್ದಿತು. ಪ್ರತಿಸಲವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವಂತೆ ಕಕ್ಷೆಯನ್ನು ಏರ್ಪಡಿಸಿದ್ದರ ಉದ್ದೇಶವು ಸ್ಪಷ್ಟವಾಗಿದೆ: ಬೆಳಕು ಬೀಳುವ ರೀತಿಯಲ್ಲಿ ವ್ಯತ್ಯಾಸವು ಕಡಿಮೆಯಾದಷ್ಟೂ ನೆಲದ ವ್ಯತ್ಯಾಸವನ್ನು ಗುರುತಿಸುವುದು ಸುಲಭ.

ಇನ್ನು ಚಿತ್ರವೆಂದರೇನು? ಅದು ಚೌಕಗಳ ಒಂದು ಜಾಲ. ಪಿಕ್ಸೆಲ್ ಎಂದು ಕರೆಯುವ ಪ್ರತಿಯೊಂದು ಚೌಕಕ್ಕೂ ಒಂದು ಸಂಖ್ಯೆಯಿರುತ್ತದೆ. ಅಷ್ಟು ನೆಲದಿಂದ ಎಷ್ಟು ಬೆಳಕು ಮೇಲಕ್ಕೆ ಹೊರಳಿತೆಂಬುದನ್ನು ಆ ಸಂಖ್ಯೆಯು ಹೇಳುತ್ತದೆ. ಚೌಕದೊಳಗೆ ಮನೆಯಿದ್ದರೂ, ಮರವಿದ್ದರೂ, ಎರಡೂ ಇದ್ದರೂ, ಎಲ್ಲಕ್ಕೂ ಸೇರಿ ಒಂದೇ ಸಂಖ್ಯೆ.

ಈ ಚೌಕದ ಗಾತ್ರವನ್ನು ನಮ್ಮ ರೈತನ ಅಳತೆಯಲ್ಲಿಯೇ ಹೇಳಬಹುದು. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. 40 ಗುಂಟೆಗೆ ಒಂದು ಎಕರೆ. ಲ್ಯಾಂಡ್‌ಸ್ಯಾಟ್-1ರ ಚೌಕದ ಬದಿ ಸುಮಾರು 80 ಮೀಟರು. ಅಂದರೆ ಅದರ ಒಂದು ಚೌಕದಲ್ಲಿ 1 ಎಕರೆ 23 ಗುಂಟೆ ಅಡಗುತ್ತಿದ್ದಿತು. ಲ್ಯಾಂಡ್‌ಸ್ಯಾಟ್-5ರಲ್ಲಿ ಚೌಕದ ಬದಿಯು 30 ಮೀಟರಿಗೆ ಇಳಿಯಿತು. ಆಗ ಒಂದು ಚೌಕವು 9 ಗುಂಟೆಗೆ ತುಸು ಕಡಿಮೆಯಾಯಿತು. ಸೆಂಟಿನೆಲ್-2ರ ಚೌಕವು 10 ಮೀಟರಿನದು. ಅದು ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ. ಐವತ್ತು ವರ್ಷಗಳೊಳಗೆ ಆಕಾಶದ ದಫ್ತರವು ಎಕರೆಯ ಲೆಕ್ಕದಿಂದ ಗುಂಟೆಯ ಲೆಕ್ಕಕ್ಕೆ ಬಂದಿತೆನ್ನಬಹುದು.

ಈ ಉಪಗ್ರಹಗಳು ನಮ್ಮ ಕಣ್ಣು ಕಾಣುವ ಬೆಳಕನ್ನು ಮಾತ್ರವೇ ಅಳೆಯುವುದಿಲ್ಲ. ಕೆಂಪು ಬಣ್ಣದ ಆಚೆಗಿರುವ ಅವಕೆಂಪು ಕಿರಣಗಳನ್ನೂ ಅವು ಅಳೆಯುತ್ತವೆ. ಇದರ ಪ್ರಯೋಜನವು ಬಹಳ ದೊಡ್ಡದು. ಹಸಿರೆಲೆಯು ತನ್ನ ಆಹಾರವನ್ನು ತಯಾರಿಸಿಕೊಳ್ಳುವುದಕ್ಕಾಗಿ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಅವಕೆಂಪು ಕಿರಣವನ್ನಾದರೋ ಬಹುಮಟ್ಟಿಗೆ ಹಿಂದಕ್ಕೆ ಎಸೆಯುತ್ತದೆ. ನೀರಿನ ಸ್ವಭಾವವು ಇದಕ್ಕೆ ವಿರುದ್ಧ. ಅದು ಅವಕೆಂಪು ಕಿರಣವನ್ನು ಬಹುಪಾಲು ನುಂಗಿಬಿಡುತ್ತದೆ. ಆದ್ದರಿಂದಲೇ ಅವಕೆಂಪು ಚಿತ್ರದಲ್ಲಿ ಕೆರೆಗಳು ಕಾಡಿಗೆಯ ಬೊಟ್ಟಿನಂತೆ ತೋರುವುದು.

ಒಂದು ಸಣ್ಣ ಗಣಿತದಿಂದ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿಕೊಳ್ಳೋಣ. ಅವಕೆಂಪಿನ ಅಳತೆಯಿಂದ ಕೆಂಪಿನ ಅಳತೆಯನ್ನು ಕಳೆದು, ಬಂದುದನ್ನು ಅವೆರಡರ ಮೊತ್ತದಿಂದ ಭಾಗಿಸಬೇಕು. ಉದಾಹರಣೆಗೆ, ಸೊಂಪಾದ ಪೈರೊಂದು ಕೆಂಪಿನಲ್ಲಿ ನೂರಕ್ಕೆ 5ರಷ್ಟನ್ನೂ ಅವಕೆಂಪಿನಲ್ಲಿ 45ರಷ್ಟನ್ನೂ ಹೊರಳಿಸಿದರೆ, 40ನ್ನು 50ರಿಂದ ಭಾಗಿಸಿ 0.8 ಎಂದು ಉತ್ತರ ಬರುವುದು. ಒಣಗಿದ ಬರಿನೆಲವು 20 ಮತ್ತು 28ರಷ್ಟನ್ನು ಹೊರಳಿಸಿದರೆ ಉತ್ತರ 0.17. ನೀರು 4 ಮತ್ತು 2ರಷ್ಟನ್ನು ಹೊರಳಿಸಿದರೆ ಉತ್ತರವು ಸೊನ್ನೆಗಿಂತಲೂ ಕೆಳಗೆ, ಋಣ 0.33ಕ್ಕೆ ಇಳಿಯುವುದು. ಹೀಗೆ ಒಂದೇ ಸಂಖ್ಯೆಯಿಂದ ಪೈರು, ಬರಿನೆಲ, ನೀರು ಇವುಗಳನ್ನು ಬೇರ್ಪಡಿಸಬಹುದು. ಇದಕ್ಕೆ ಸಸ್ಯಸೂಚ್ಯಂಕವೆಂದು ಹೆಸರು. ಎಂಟನೆಯ ತರಗತಿಯ ಗಣಿತ ಬಲ್ಲ ವಿದ್ಯಾರ್ಥಿಗೆ ಇದು ಕಷ್ಟವಲ್ಲ.

ಸಾಧನವು ಇಷ್ಟು ಚೆನ್ನಾಗಿರುವಾಗ ನಮ್ಮ ವಿದ್ಯಾರ್ಥಿಗಳು ಎಡವಿದ್ದೆಲ್ಲಿ? ಮುಂದಿನ ಭಾನುವಾರ ನಾವು ಅವರೊಡನೆ ಆ ಕೆರೆಯ ಏರಿಯ ಮೇಲೆ ನಿಂತಿದ್ದೆವು. ಕೆರೆಯ ನಡುವೆ ಮೊಣಕಾಲುದ್ದ ನೀರಿತ್ತು. ಉಳಿದದ್ದೆಲ್ಲ ಬಿರುಕುಬಿಟ್ಟ ಕೆಸರು. ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಚಿತ್ರಗಳನ್ನು ಕುತೂಹಲದಿಂದ ತಿರುಗಿಸಿ ನೋಡಿ, ನಕ್ಕು, "ಮಾಸ್ತರ, ಬ್ಯಾಸಗ್ಯಾಗ ನೋಡಿ ಕೆರಿ ಸತ್ತೈತಿ ಅಂದ್ರ ಹ್ಯಾಂಗ್ರಿ? ದೀಪಾವಳಿ ಆದಮ್ಯಾಲೆ ಬಂದು ನೋಡ್ರಿ" ಎಂದರು. ಪಾಠವು ಅಷ್ಟೇ. ನಮ್ಮ ಕೆರೆಗಳು ಸಮುದ್ರಗಳಲ್ಲ. ಅವು ಮುಂಗಾರಿನಲ್ಲಿ ತುಂಬಿ, ಗದ್ದೆಗಳಿಗೆ ನೀರುಣಿಸಿ, ಬೇಸಗೆಯಲ್ಲಿ ಬತ್ತುವುದಕ್ಕಾಗಿಯೇ ಕಟ್ಟಿದವು. ನವೆಂಬರಿನ ಕೆರೆಯೊಡನೆ ಮೇ ತಿಂಗಳ ಕೆರೆಯನ್ನು ಹೋಲಿಸಿದರೆ ಮೂವತ್ತು ವರ್ಷಗಳ ಬದಲಾವಣೆ ಕಾಣುವುದಿಲ್ಲ. ಆರು ತಿಂಗಳ ಬದಲಾವಣೆ ಕಾಣುತ್ತದೆ.

ಆದುದರಿಂದ ಮೊದಲನೆಯ ನಿಯಮ: ಹೋಲಿಸುವ ಚಿತ್ರಗಳು ಒಂದೇ ಋತುವಿನವಾಗಿರಬೇಕು. ಇದರೊಡನೆ ಎರಡನೆಯ ನಿಯಮವೂ ಸೇರುತ್ತದೆ: ಎರಡು ಚಿತ್ರಗಳು ಸಾಲವು. ಒಂದು ವರ್ಷ ಮಳೆ ಕೈಕೊಟ್ಟಿರಬಹುದು, ಮತ್ತೊಂದು ವರ್ಷ ಅತಿಯಾಗಿರಬಹುದು. ಹಿಂದಿನ ಮೂರು ನಾಲ್ಕು ವರ್ಷಗಳ ನವೆಂಬರುಗಳನ್ನೂ ಈಚಿನ ಮೂರು ನಾಲ್ಕು ವರ್ಷಗಳ ನವೆಂಬರುಗಳನ್ನೂ ಒಟ್ಟಿಗಿಟ್ಟು, ಆ ವರ್ಷಗಳ ಮಳೆಯ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು ನೋಡಬೇಕು.

ನವೆಂಬರನ್ನೇ ಆರಿಸುವುದೇಕೆ, ಕೆರೆಗಳು ತುಂಬುವ ಜುಲೈ ಆಗಸ್ಟಿನಲ್ಲಿಯೇ ನೋಡಬಾರದೇ ಎಂದು ವಾಚಕರು ಕೇಳಬಹುದು. ಆಗ ಮೋಡಗಳು ಅಡ್ಡಬರುತ್ತವೆ. ಮೋಡವನ್ನು ಭೇದಿಸಿ ನೋಡಬೇಕಾದರೆ ರೇಡಾರ್ ಬೇಕು. 2014ರಲ್ಲಿ ಏರಿದ ಸೆಂಟಿನೆಲ್-1 ಉಪಗ್ರಹವು ಸುಮಾರು ಐದೂವರೆ ಸೆಂಟಿಮೀಟರು ಉದ್ದದ ಅಲೆಗಳನ್ನು ತಾನೇ ನೆಲಕ್ಕೆ ಕಳುಹಿಸಿ ಅವುಗಳ ಪ್ರತಿಧ್ವನಿಯನ್ನು ಹಿಡಿಯುವಂಥದು. ನಿಂತ ನೀರು ಕನ್ನಡಿಯಂತೆ ಅಲೆಗಳನ್ನು ಆಚೆಗೆ ಜಾರಿಸಿಬಿಡುವುದರಿಂದ ಅದು ಚಿತ್ರದಲ್ಲಿ ಕಪ್ಪಾಗಿ ತೋರುತ್ತದೆ. 2019ರ ಆಗಸ್ಟಿನಲ್ಲಿ ವರದಾ ನದಿಯು ಉಕ್ಕಿ ಹಾವೇರಿ ಜಿಲ್ಲೆಯ ಹೊಲಗದ್ದೆಗಳ ಮೇಲೆ ಹರಿದಾಗಿನಂತಹ ದಿನಗಳಲ್ಲಿ ಇಂತಹ ಕಣ್ಣೇ ಬೇಕಾಗುವುದು. ಆದರೆ 1990ರ ದಶಕದ ಆರಂಭದ ಕೆರೆಯನ್ನು ನೋಡಲು ಹೊರಟವರು ಅಂದಿನ ಕಣ್ಣನ್ನೇ ನಂಬಬೇಕು. ಆದ್ದರಿಂದ ಮೋಡ ಸರಿದು, ಕೆರೆಯಲ್ಲಿನ್ನೂ ನೀರಿರುವ ದೀಪಾವಳಿಯ ಹಿಂದುಮುಂದಿನ ದಿನಗಳೇ ಲೇಸು.

ನವೆಂಬರುಗಳನ್ನು ಸಾಲಾಗಿಟ್ಟು ನೋಡಿದಾಗ ವಿದ್ಯಾರ್ಥಿಗಳ ಮುಖದಲ್ಲಿ ಒಂದಿಷ್ಟು ನೆಮ್ಮದಿಯೂ ಒಂದಿಷ್ಟು ಗೊಂದಲವೂ ಕಾಣಿಸಿದವು. ಕೆರೆಯು ಸತ್ತಿರಲಿಲ್ಲ. ಆದರೆ ಅದರ ಕಪ್ಪುಬೊಟ್ಟು ಹಿಂದಿನದಕ್ಕಿಂತ ಕಿರಿದಾಗಿದ್ದುದೂ ನಿಜ. ಹಿಂಬದಿಯಲ್ಲಿ ನೀರಿದ್ದೆಡೆ ಈಗ ಸಸ್ಯಸೂಚ್ಯಂಕವು ಹಸಿರೆಂದು ಹೇಳುತ್ತಿದ್ದಿತು.

ಇಲ್ಲಿ ಅಂಚಿನ ಚೌಕಗಳ ತೊಡಕನ್ನು ಗಮನಿಸಬೇಕು. 300 ಮೀಟರು ಉದ್ದ, ಅಷ್ಟೇ ಅಗಲದ ಒಂದು ಕೆರೆಯನ್ನು ಭಾವಿಸಿಕೊಳ್ಳೋಣ. 30 ಮೀಟರಿನ ಚೌಕಗಳಲ್ಲಿ ಅದು 100 ಚೌಕಗಳಾಗುವುದು. ಆ ನೂರರಲ್ಲಿ ಅಂಚಿನವೇ 36. ಕೆರೆಯ ದಡವು ಚೌಕದ ಗೆರೆಯನ್ನು ಅನುಸರಿಸಿ ಸಾಗುವುದಿಲ್ಲ. ಅಂಚಿನ ಚೌಕವು ಅರ್ಧ ನೀರು, ಅರ್ಧ ನೆಲವಾಗಿರಬಹುದು. ಅದನ್ನು ನೀರೆಂದು ಎಣಿಸಬೇಕೋ ನೆಲವೆಂದು ಎಣಿಸಬೇಕೋ ಎಂಬುದು ಎಣಿಸುವವನ ತೀರ್ಮಾನ. ಅದೇ ಕೆರೆಯನ್ನು 10 ಮೀಟರಿನ ಚೌಕಗಳಲ್ಲಿ ನೋಡಿದರೆ 900ರಲ್ಲಿ 116 ಮಾತ್ರ ಅಂಚಿನವು. 80 ಮೀಟರಿನ ಹಳೆಯ ಚಿತ್ರದಲ್ಲಾದರೆ ಇಡೀ ಕೆರೆಗೆ ಹದಿನಾಲ್ಕು ಚೌಕಗಳಷ್ಟೇ. ಅಂಚಿಗೆ ಸೇರದವು ಬೆರಳೆಣಿಕೆಯಷ್ಟು. ಆದ್ದರಿಂದ ಹಳೆಯ ಮಸಕು ಚಿತ್ರವನ್ನೂ ಹೊಸ ಸ್ಪಷ್ಟ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು, "ಎರಡು ಎಕರೆ ಹೋಯಿತು" ಎಂದು ಸಾರುವವನು ಸ್ವಲ್ಪ ತಾಳಬೇಕು. ಆ ಎರಡು ಎಕರೆಯನ್ನು ನುಂಗಿದ್ದು ನೆರೆಯ ರೈತನಾಗಿರದೆ ಚಿತ್ರದ ಚೌಕವೇ ಆಗಿರಬಹುದು.

ಇಷ್ಟೆಲ್ಲ ಎಚ್ಚರಿಕೆಯ ಮಾತುಗಳನ್ನು ಕೇಳಿ ಈ ಚಿತ್ರಗಳು ನಿಷ್ಪ್ರಯೋಜಕವೆಂದು ಯಾರೂ ಭಾವಿಸಬಾರದು. ಚೌಕಕ್ಕಿಂತ ಬಹಳ ದೊಡ್ಡದಾದ ಬದಲಾವಣೆಗಳನ್ನು ಅವು ನಿಸ್ಸಂದೇಹವಾಗಿ ತೋರಿಸುತ್ತವೆ. ಶಿಗ್ಗಾಂವಿ, ಬಂಕಾಪುರಗಳ ಬಳಿ ಹಾಯುವ ಪುಣೆ-ಬೆಂಗಳೂರು ಹೆದ್ದಾರಿಯನ್ನೇ ನೋಡಬಹುದು. ಈ ಶತಮಾನದ ಮೊದಲ ದಶಕದಲ್ಲಿ ಅದನ್ನು ನಾಲ್ಕು ಪಥಗಳಿಗೆ ಅಗಲಿಸಿದರು. ಮೊದಲು ಎಳೆಯಂತೆ ಮಸಕಾಗಿ ತೋರುತ್ತಿದ್ದ ದಾರಿಯು ಅನಂತರದ ಚಿತ್ರಗಳಲ್ಲಿ ಬಿಳಿಯ ಗೆರೆಯಾಗಿ ಎದ್ದುಕಾಣುತ್ತದೆ. ಹಿರೇಕೆರೂರಿನ ಸೀಮೆಯಲ್ಲಿ ತುಂಗಾ ಮೇಲ್ದಂಡೆ ಯೋಜನೆಯ ಕಾಲುವೆಯೂ ಇಂತಹುದೇ ಒಂದು ಹೊಸ ಗೆರೆ. ಆದರೆ ಹತ್ತಿ, ಬಿಳಿಜೋಳಗಳಿದ್ದ ಹೊಲಗಳಿಗೆ ಗೋವಿನಜೋಳವು ಬಂದುದನ್ನು ತಿಳಿಯಬೇಕಾದರೆ ಒಂದು ಚಿತ್ರದ ಬಣ್ಣ ಸಾಲದು. ವರ್ಷದುದ್ದಕ್ಕೂ ಹಸಿರು ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದನ್ನು ಹಲವು ಚಿತ್ರಗಳಿಂದ ಕೂಡಿಸಿ ನೋಡಬೇಕು.

ಆಕಾಶದ ದಫ್ತರದಲ್ಲಿ ಬರೆಯದೇ ಉಳಿದ ಸಂಗತಿಗಳೂ ಉಂಟು. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಮೂರು ಪುರಾತನ ಮರಗಳಿವೆ. ಜನರು ಅವನ್ನು ದೊಡ್ಡಹುಣಸೆ ಎಂದು ಕರೆದರೂ ಅವು ಆಫ್ರಿಕದ ಮೂಲದ ಬಾವೊಬಾಬ್ ಮರಗಳು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು. ಅದನ್ನು ಮತ್ತೆ ನೆಟ್ಟು ಉಳಿಸುವ ಪ್ರಯತ್ನವನ್ನು ಮಾಡಿದರು. ಸವಣೂರಿನವರಿಗೆ ಇದು ದೊಡ್ಡ ಸಂಗತಿ. ಆದರೆ 9 ಗುಂಟೆಯ ಒಂದು ಚೌಕದಲ್ಲಿ ಒಂದು ಮರವು ಬಿದ್ದುದು ಲೆಕ್ಕಕ್ಕೆ ಸಿಕ್ಕುವುದು ಕಷ್ಟ. ಜನರಿಗೆ ದೊಡ್ಡದಾದದ್ದೆಲ್ಲ ಉಪಗ್ರಹಕ್ಕೆ ದೊಡ್ಡದಲ್ಲ.

ಕಾಲದ ಮಿತಿಯೂ ಇದೆ. ಹಿರೇಕೆರೂರೆಂಬ ಹೆಸರೇ ಹಿರಿಯ ಕೆರೆಯನ್ನು ನೆನಪಿಸುತ್ತದೆ. ಆ ಸೀಮೆಯ ಮಾಸೂರಿನ ಹತ್ತಿರ ಕುಮುದ್ವತಿ ನದಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆಯಿದೆ. ಇಂದು ನಾವು ಕಾಣುವುದು ಹಿಂದಿನ ಆ ಮಹಾಕೆರೆಯ ಒಂದು ಭಾಗ ಮಾತ್ರ. ಅದು ಕುಗ್ಗಿದ್ದು ಉಪಗ್ರಹಗಳ ಯುಗಕ್ಕೆ ಬಹಳ ಮೊದಲೇ. ಆಕಾಶದ ದಫ್ತರವನ್ನು ಎಷ್ಟು ತಿರುವಿದರೂ ಆ ಕಥೆಯು ದೊರೆಯಲಾರದು. ಅದಕ್ಕೆ ಶಾಸನಗಳೂ, ಹಳೆಯ ನಕಾಶೆಗಳೂ, ಏರಿಯ ಕಲ್ಲುಗಳೂ ಬೇಕು. ಐವತ್ತು ವರ್ಷಗಳ ದಾಖಲೆಯನ್ನು ಹಿಡಿದು ಐನೂರು ವರ್ಷಗಳ ಕೆರೆಯ ಜೀವನವನ್ನು ಅಳೆಯಹೊರಟಾಗ ಈ ಮಾತನ್ನು ಮರೆಯಬಾರದು.

ದೀಪಾವಳಿ ಕಳೆದ ಮೇಲೆ ನಾವು ಮತ್ತೆ ಆ ಕೆರೆಗೆ ಹೋದೆವು. ಕೈಯಲ್ಲಿ ನವೆಂಬರಿನ ಚಿತ್ರಗಳು, ಒಂದು ಅಳತೆಯ ಟೇಪು, ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ತೋರುವ ಒಂದು ಮೊಬೈಲು. ಚಿತ್ರದಲ್ಲಿ ಹಸಿರಾಗಿದ್ದ ಕಡೆಗೆ ಒಂದೊಂದೇ ಚೌಕವಾಗಿ ನಡೆದುಹೋದೆವು. ಮೊದಲ ಚೌಕಗಳಲ್ಲಿ ಕಂಡದ್ದು ಪೈರಲ್ಲ; ನೀರಿನ ಮೇಲೆ ದಟ್ಟವಾಗಿ ಹಬ್ಬಿದ ಅಂತರಗಂಗೆ. ಅದರ ಎಲೆಗಳು ಅವಕೆಂಪು ಕಿರಣವನ್ನು ಮೇಲಕ್ಕೆ ಎಸೆಯುತ್ತಿದ್ದುದರಿಂದ ಉಪಗ್ರಹವು ಅದನ್ನು ನೆಲವೆಂದೇ ಬಗೆಯುವಂತಾಗಿದ್ದಿತು. ಕೋಲಿನಿಂದ ಎಲೆಗಳನ್ನು ಸರಿಸಿದರೆ ಅಡಿಯಲ್ಲಿ ಕೆರೆಯು ಹಾಗೆಯೇ ಇದ್ದಿತು. ಇನ್ನೂ ಹಿಂದಕ್ಕೆ ಹೋದಾಗ ಹಳ್ಳವು ತಂದು ಸುರಿದ ಹೂಳು ದಿಬ್ಬವಾಗಿ, ಅದರ ಮೇಲೆ ಜಾಲಿ ಬೆಳೆದಿತ್ತು. ಇಲ್ಲಿ ಕೆರೆಯು ನಿಜವಾಗಿಯೂ ನೆಲವಾಗಿದ್ದಿತು. ಆದರೆ ಹಾಗೆ ಮಾಡಿದವನು ಮನುಷ್ಯನಲ್ಲ, ಹೂಳು. ಕಟ್ಟಕಡೆಯ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಬೆಳೆಯಿದ್ದಿತು. ನೀರು ಇಳಿದಂತೆ ಕೆರೆಯಂಗಳದಲ್ಲಿ ಬಿತ್ತುವ ರೂಢಿಯು ತಮ್ಮ ಅಜ್ಜನ ಕಾಲದಿಂದಲೂ ಇದೆಯೆಂದು ಆ ಹಿರಿಯರು ಹೇಳಿದರು. ಅದು ಕೆರೆಯ ಎಲ್ಲೆಯೊಳಗಿದೆಯೋ ಹೊರಗಿದೆಯೋ ಎಂಬುದನ್ನು ಉಪಗ್ರಹವು ಹೇಳಲಾರದು. ಎಲ್ಲೆಯೆಂಬುದು ಬೆಳಕನ್ನು ಹೊರಳಿಸುವ ವಸ್ತುವಲ್ಲ. ಅದನ್ನು ಸರ್ವೆಯವರು ಸರಪಳಿ ಹಿಡಿದು, ಕಾಗದ ನೋಡಿ ನಿಶ್ಚಯಿಸಬೇಕು.

ವಿದ್ಯಾರ್ಥಿಗಳು ಹಿಂದಿರುಗಿದ ಮೇಲೆ ಅರ್ಜಿಯನ್ನು ಹೊಸದಾಗಿ ಬರೆದರು. ನಾಲ್ವರು ರೈತರ ಹೆಸರುಗಳು ಅದರಲ್ಲಿರಲಿಲ್ಲ. ಅಂತರಗಂಗೆಯನ್ನು ತೆಗೆಸಬೇಕು, ಹೂಳನ್ನು ಎತ್ತಿಸಬೇಕು, ಕೆರೆಯ ಎಲ್ಲೆಯನ್ನು ಅಳೆಯಿಸಿ ಕಲ್ಲು ನೆಡಿಸಬೇಕು ಎಂದು ಮೂರು ಬೇಡಿಕೆಗಳಿದ್ದವು. ಅರ್ಜಿಯ ಜೊತೆಗೆ ನವೆಂಬರಿನ ಚಿತ್ರಗಳನ್ನೂ, ತಾವು ನಡೆದು ನೋಡಿದ ಚೌಕಗಳ ಪಟ್ಟಿಯನ್ನೂ ಲಗತ್ತಿಸಿದರು. ಮೊದಲನೆಯ ಅರ್ಜಿಯನ್ನು ಕಳುಹಿಸಿದ್ದರೆ ಊರಿನಲ್ಲಿ ನಾಲ್ಕು ಮನೆಗಳೊಡನೆ ವೈರ ಕಟ್ಟಿಕೊಳ್ಳಬೇಕಾಗುತ್ತಿದ್ದಿತು. ಕೆರೆಯ ಹೂಳು ಹಾಗೆಯೇ ಉಳಿಯುತ್ತಿದ್ದಿತು.

ವಾಚಕರಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಬಗೆಗೆ ಇಂತಹ ಪರಿಶೀಲನೆಯನ್ನು ಕೈಕೊಳ್ಳಬಹುದು. ಭಾರತದ ಬಾಹ್ಯಾಕಾಶ ಸಂಸ್ಥೆಯು 2009ರಲ್ಲಿ ಆರಂಭಿಸಿದ ಭುವನ್ ಎಂಬ ಜಾಲತಾಣದಲ್ಲಿ ನಮ್ಮ ಉಪಗ್ರಹಗಳ ಚಿತ್ರಗಳಿವೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನು ಒಂದರ ಹಿಂದೊಂದರಂತೆ ನೋಡುವ ಏರ್ಪಾಡಿದೆ. ಒಂದು ಕೆರೆಯನ್ನೋ, ಒಂದು ಗುಡ್ಡವನ್ನೋ ಆರಿಸಿಕೊಳ್ಳಿರಿ. ಚಿತ್ರದ ತಾರೀಖನ್ನು ಮೊದಲು ಬರೆದುಕೊಳ್ಳಿರಿ. ಚೌಕದ ಗಾತ್ರವನ್ನು ಅದರ ಪಕ್ಕದಲ್ಲಿ ಬರೆಯಿರಿ. ಒಂದೇ ಋತುವಿನ ಹಲವು ವರ್ಷಗಳನ್ನು ಹೋಲಿಸಿರಿ. ಕಡೆಗೆ, ಎದ್ದು ಆ ಸ್ಥಳಕ್ಕೆ ಹೋಗಿರಿ. ಅಲ್ಲಿ ಎಮ್ಮೆ ಮೇಯಿಸುತ್ತಿರುವ ಹಿರಿಯರನ್ನು ಮಾತನಾಡಿಸಿರಿ. ಎಲೆಗಳ ಅಡಿಯಲ್ಲಿ ನೀರಿದೆಯೋ ಇಲ್ಲವೋ ಎಂಬುದನ್ನು ಉಪಗ್ರಹವು ಹೇಳಲಿಲ್ಲ. ನಮ್ಮ ಕೈಯಲ್ಲಿದ್ದ ಕೋಲು ಹೇಳಿತು.